ಚರ್ಚಿನ ಕಂಬದ ಮೇಲೆ ಕುರಾನಿನ ಸಾಲು: ಪಲೆರ್ಮೊ ಕಂಡ ದೊರೆಗಳು

ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ಊರಿಗೆ ಹೋದರೆ ದೊಡ್ಡ ಚರ್ಚಿನ ದಕ್ಷಿಣ ಬಾಗಿಲ ಹತ್ತಿರ ಸ್ವಲ್ಪ ನಿಲ್ಲಿ. ಅಲ್ಲಿನ ಕಂಬವೊಂದರ ಮೇಲೆ ಅರಬ್ಬಿಯಲ್ಲಿ ಕುರಾನಿನ ಸಾಲುಗಳಿವೆ. ಈ ಚರ್ಚು ಒಂದು ಕಾಲದಲ್ಲಿ ಮಸೀದಿಯಾಗಿತ್ತು. ಅದಕ್ಕೂ ಮೊದಲು ಅಲ್ಲಿ ಚರ್ಚೇ ಇತ್ತು.

ಊರು ಕಟ್ಟಿದವರು ಇಂದಿನ ಲೆಬನಾನ್ ಕರಾವಳಿಯ ಫಿನೀಷಿಯನ್ ವ್ಯಾಪಾರಿಗಳು. ಹೆಸರು ಮಾತ್ರ ಗ್ರೀಕರದು: ಪನೋರ್ಮೋಸ್, ಅಂದರೆ ಎಲ್ಲೆಡೆ ಬಂದರು. ಕ್ರಿ.ಪೂ. 254ರಲ್ಲಿ ರೋಮನ್ನರು ಗೆದ್ದರು. ಆಮೇಲೆ ಜರ್ಮನಿಕ್ ಬುಡಕಟ್ಟಿನ ವ್ಯಾಂಡಲರು, ಗೋಥರು, ಕ್ರಿ.ಶ. 535ರಲ್ಲಿ ಬೈಜಾಂಟಿಯನ್ನರು, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದವರು.

831ರಲ್ಲಿ ಅರಬ್ಬರು ಬಂದ ಮೇಲೆ ಊರಿನ ನಸೀಬೇ ಬದಲಾಯಿತು. ಪಲೆರ್ಮೊ ಸಿಸಿಲಿಯ ರಾಜಧಾನಿಯಾಯಿತು. ಸುತ್ತ ನಿಂಬೆ, ಕಬ್ಬು ಬೆಳೆದವು. ಅವರ ಕೋಟೆಗೆ 'ಅಲ್ ಕಸ್ರ್' ಎನ್ನುತ್ತಿದ್ದರು. ಕೋಟೆಯಿಂದ ಕಡಲಿಗೆ ಇಳಿಯುವ ಬೀದಿಗೆ ಜನ ಇವತ್ತಿಗೂ 'ಕಸ್ಸರೊ' ಅಂತಲೇ ಹೇಳುತ್ತಾರೆ.

1072ರಲ್ಲಿ ಉತ್ತರ ಫ್ರಾನ್ಸ್ ಮೂಲದ ನಾರ್ಮನ್ನರು ಊರನ್ನು ಗೆದ್ದರು. ಮಸೀದಿಯನ್ನು ಮತ್ತೆ ಚರ್ಚು ಮಾಡಿದರು ನಿಜ. ಆದರೆ ಅರಬ್ಬಿ ಬಲ್ಲ ಅಧಿಕಾರಿಗಳನ್ನೂ ಕುಶಲಕರ್ಮಿಗಳನ್ನೂ ಉಳಿಸಿಕೊಂಡರು. 1130ರಲ್ಲಿ ಕಿರೀಟ ಧರಿಸಿದ ಎರಡನೇ ರೋಜರ್ ಅರಮನೆಯೊಳಗೆ ಕಟ್ಟಿಸಿದ ಪ್ರಾರ್ಥನಾ ಮಂದಿರ ನೋಡಿ. ಗೋಡೆಯಲ್ಲಿ ಬೈಜಾಂಟಿಯನ್ ಶೈಲಿಯ ಬಂಗಾರದ ಹೊಳಪು, ನಡುವೆ ಕ್ರಿಸ್ತ. ತಲೆ ಎತ್ತಿದರೆ ಮುಸ್ಲಿಂ ಕುಶಲಕರ್ಮಿಗಳ ಮರದ ಚಾವಣಿ. ಅದರಲ್ಲಿ ವಾದ್ಯ ನುಡಿಸುವವರು, ಚದುರಂಗ ಆಡುವವರು ಎಲ್ಲ ಇದ್ದಾರೆ!

ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಒಂದು ಸಮಾಧಿ ಕಲ್ಲು. ಗ್ರಿಸಾಂಡೊ ಎಂಬ ಪಾದ್ರಿ ತನ್ನ ತಾಯಿ ಅನ್ನಾಳಿಗಾಗಿ 1149ರಲ್ಲಿ ಹಾಕಿಸಿದ್ದು. ಅದರಲ್ಲಿ ಲ್ಯಾಟಿನ್, ಗ್ರೀಕ್, ಅರಬ್ಬಿ, ಜೊತೆಗೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ಒಬ್ಬ ತಾಯಿಯ ಸಾವನ್ನು ನಾಲ್ಕೂ ಬಗೆಯವರು ಓದಲಿ ಅಂತ ಮಗನಿಗೆ ಅನಿಸಿತ್ತಲ್ವಾ?

ಹಾಗಂತ ಎಲ್ಲರೂ ಸುಖವಾಗಿದ್ದರು ಅನ್ನಲಾರೆ. 1161ರ ದಂಗೆಯಲ್ಲಿ ಇದೇ ಊರಿನಲ್ಲಿ ಮುಸ್ಲಿಮರ ಕೊಲೆಗಳಾದವು. ಮುಂದೆ ದೊರೆ ಎರಡನೇ ಫ್ರೆಡ್ರಿಕ್ ದ್ವೀಪದ ಮುಸ್ಲಿಮರನ್ನು ದಕ್ಷಿಣ ಇಟಲಿಯ ದೂರದ ಲುಚೆರಾ ಊರಿಗೆ ಸಾಗಿಸಿದ. ನಂತರ ಬಂದ ಫ್ರೆಂಚರ ವಿರುದ್ಧ 1282ರ ಈಸ್ಟರ್ ಹಬ್ಬದ ಮರುದಿನ ಜನ ಸಿಡಿದೆದ್ದರು. ಅಧಿಕಾರ ಸ್ಪೇನಿನ ಅರಗಾನ್ ದೊರೆಗಳಿಗೆ ಹೋಯಿತು. 1492ರಲ್ಲಿ ಸ್ಪೇನಿನ ಆಜ್ಞೆ ಯಹೂದಿಗಳನ್ನೂ ಓಡಿಸಿತು. ಕಲ್ಲಿನ ನಾಲ್ಕು ಬರಹಗಳಲ್ಲಿ ಎರಡನ್ನು ಓದುವವರೇ ಊರಲ್ಲಿ ಉಳಿಯಲಿಲ್ಲ.

ಉಳಿದದ್ದು ಬೇಗ ನಡೆಯಿತು. 1713ರಲ್ಲಿ ಸವಾಯ್ ರಾಜಮನೆತನ, 1720ರಲ್ಲಿ ಆಸ್ಟ್ರಿಯಾ, 1734ರಲ್ಲಿ ಬೂರ್ಬನ್ ರಾಜಮನೆತನ ಊರನ್ನು ಆಳಿದವು. 1860ರ ಮೇ ತಿಂಗಳಲ್ಲಿ ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿ ಊರಿಗೆ ನುಗ್ಗಿದ, ಮರುವರ್ಷ ಪಲೆರ್ಮೊ ಇಟಲಿಯದಾಯಿತು.

ಈಗ ರೋಜರನ ಆ ಅರಮನೆಯಲ್ಲಿ ಸಿಸಿಲಿಯ ಶಾಸನಸಭೆ ಸೇರುತ್ತದೆ. ಹಳೇ ಯಹೂದಿ ಕೇರಿಯ ಬೀದಿ ಫಲಕಗಳಲ್ಲಿ ಇಟಾಲಿಯನ್ ಜೊತೆ ಹೀಬ್ರೂ, ಅರಬ್ಬಿ ಅಕ್ಷರಗಳು ಮತ್ತೆ ಕಾಣುತ್ತವೆ.