ತಾನಾಗೇ ಆಫ್ ಆಗೋದನ್ನು ಕಂಪ್ಯೂಟರ್ ಕಲಿತಿದ್ದು ಹೇಗೆ?

ಕಪ್ಪು ಪರದೆ, ನಡುವೆ ಕಿತ್ತಳೆ ಬಣ್ಣದ ಅಕ್ಷರ: ಇನ್ನು ನಿಮ್ಮ ಕಂಪ್ಯೂಟರ್ ಆಫ್ ಮಾಡಬಹುದು. ವಿಂಡೋಸ್ 95 ಬಳಸಿದವರಿಗೆ ಇದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿರುತ್ತದೆ. ಶಟ್‌ಡೌನ್ ಕೊಟ್ಟು ಕಾಯಬೇಕು, ಈ ಸಾಲು ಬಂದ ಮೇಲೆ ನಾವೇ ಸ್ವಿಚ್ ಒತ್ತಬೇಕು. ಇಷ್ಟೆಲ್ಲ ಲೆಕ್ಕ ಮಾಡುವ ಯಂತ್ರಕ್ಕೆ ತನ್ನನ್ನು ತಾನು ಆಫ್ ಮಾಡಿಕೊಳ್ಳೋಕೆ ಬರಲ್ವಾ ಅಂತ ನಗು ಬರುತ್ತಿತ್ತು. ಬರುತ್ತಿರಲಿಲ್ಲ, ಸರಿ. ಅದಕ್ಕೆ ಬೇಕಾದ ತಂತಿಯೇ ಬಹಳಷ್ಟು ಯಂತ್ರಗಳಲ್ಲಿ ಇರಲಿಲ್ಲ.

ಶಟ್‌ಡೌನ್ ಅಂತ ನಾವು ಒಂದೇ ಹೆಸರಲ್ಲಿ ಕರೆಯೋದು ಎರಡು ಕೆಲಸಗಳನ್ನು. ತೆರೆದ ಫೈಲು ಮುಚ್ಚಿ, ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆದು ಮುಗಿಸುವುದು ಒಂದು, ಅದು ಆಪರೇಟಿಂಗ್ ಸಿಸ್ಟಂನದು. ಕರೆಂಟ್ ಕಡಿಯುವುದು ಇನ್ನೊಂದು, ಅದು ಪವರ್ ಸಪ್ಲೈನದು. ಈ ಇಬ್ಬರ ನಡುವೆ ಮಾತುಕತೆ ಕುದುರೋಕೆ ಹತ್ತಾರು ವರ್ಷ ಹಿಡಿಯಿತು, ತೊಂದರೆಗಳೆಲ್ಲ ಹುಟ್ಟಿದ್ದೂ ಇವರಿಬ್ಬರ ನಡುವೆಯೇ.

1981ರ ಐಬಿಎಂ ಪಿಸಿಗೆ ಪಕ್ಕದಲ್ಲಿ ಒಂದು ದಪ್ಪ ಕೆಂಪು ಸ್ವಿಚ್ ಇತ್ತು. ಗೋಡೆಯಿಂದ ಬರುವ ಕರೆಂಟ್ ನೇರವಾಗಿ ಅದರ ಮೂಲಕವೇ ಹಾದುಹೋಗುತ್ತಿತ್ತು. ಟಪ್ ಅಂತ ಎಳೆದರೆ ಮುಗಿಯಿತು. ಆಗಿನ ಆಪರೇಟಿಂಗ್ ಸಿಸ್ಟಂ ಡಾಸ್‌ನಲ್ಲಿ ಶಟ್‌ಡೌನ್ ಅನ್ನೋ ಆಜ್ಞೆಯೇ ಇರಲಿಲ್ಲ. ಕೆಲಸ ಮುಗಿಸಿ ಪ್ರಾಂಪ್ಟಿಗೆ (ಆಜ್ಞೆ ಟೈಪ್ ಮಾಡುವ ಸಾಲಿಗೆ) ಬಂದು ಸ್ವಿಚ್ ಒತ್ತಿದರೆ ಆಯಿತು. ಕೆಲವು ಹಳೆಯ ಹಾರ್ಡ್ ಡಿಸ್ಕ್‌ಗಳಿಗೆ ಮಾತ್ರ ಅದಕ್ಕೂ ಮೊದಲು ಪಾರ್ಕ್ ಆಜ್ಞೆ ಕೊಟ್ಟು, ಒಳಗೆ ಓದಿ ಬರೆಯುವ ಹೆಡ್ಡನ್ನು ಪಕ್ಕಕ್ಕೆ ಸರಿಸಬೇಕಿತ್ತು.

ವಿಂಡೋಸ್ 95 ಬಂದಾಗ ಹೀಗೆ ಸುಮ್ನೆ ಕಡಿಯೋದು ಅಪಾಯವಾಯಿತು. ಡಿಸ್ಕಿಗೆ ಹೋಗಬೇಕಾದ ಮಾಹಿತಿ ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಕಾಯುತ್ತಿರುತ್ತಿತ್ತಲ್ಲ, ಅದಕ್ಕೇ ಆ ಕಿತ್ತಳೆ ಸೂಚನೆ. ಅದು ಬರೀ ಒಂದು ಚಿತ್ರ. ಲೋಗೋಸ್ ಡಾಟ್ ಸಿಸ್ ಅನ್ನೋ ಫೈಲಿನಲ್ಲಿ ಕೂತಿದ್ದ ಸಾಮಾನ್ಯ ಬಿಟ್‌ಮ್ಯಾಪ್. ಪೇಂಟ್‌ನಲ್ಲಿ ತೆರೆದು ಬೇಕಾದ್ದು ಗೀಚಿ ಗೆಳೆಯರನ್ನು ಆಟ ಆಡಿಸಿದವರು ಇದ್ದಾರೆ. ಇನ್ನೂ ತಮಾಷೆ ಅಂದರೆ ಆ ಚಿತ್ರದ ಹಿಂದೆ ಡಾಸ್ ಜೀವಂತ ಇರುತ್ತಿತ್ತು. ಏನೂ ಕಾಣದಿದ್ದರೂ 'ಮೋಡ್ ಸಿಓ80' ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಪ್ರಾಂಪ್ಟ್ ಎದ್ದು ಬರುತ್ತಿತ್ತು!

ತಂತಿ ಬಂದಿದ್ದು 1995ರಲ್ಲಿ, ಇಂಟೆಲ್ ಮದರ್‌ಬೋರ್ಡ್, ಪವರ್ ಸಪ್ಲೈಗಳಿಗೆ ಎಟಿಎಕ್ಸ್ ಅನ್ನೋ ಹೊಸ ಮಾನದಂಡ ತಂದಾಗ. (ಆಪಲ್‌ನ ಮ್ಯಾಕಿಂಟೋಶ್ 2 ಇದನ್ನು 1987ರಲ್ಲೇ ಮಾಡಿತ್ತು, ಅದನ್ನು ಆನ್ ಮಾಡುವ ಕೀ ಕೀಬೋರ್ಡಿನಲ್ಲೇ ಇತ್ತು.) ಕ್ಯಾಬಿನೆಟ್ ಬಿಚ್ಚಿ ಮದರ್‌ಬೋರ್ಡಿಗೆ ಚುಚ್ಚಿರುವ ಅಗಲ ಕನೆಕ್ಟರ್ ನೋಡಿ. ಅದರಲ್ಲಿ ಸಾಮಾನ್ಯವಾಗಿ ಒಂದೇ ಒಂದು ಹಸಿರು ತಂತಿ, ಒಂದೇ ಒಂದು ನೇರಳೆ ತಂತಿ ಇರುತ್ತವೆ. ನೇರಳೆಯಲ್ಲಿ ಕಂಪ್ಯೂಟರ್ ಆಫ್ ಇದ್ದಾಗಲೂ 5 ವೋಲ್ಟ್ ಹರಿಯುತ್ತಿರುತ್ತದೆ. ಹಸಿರನ್ನು ಮದರ್‌ಬೋರ್ಡ್ ಗ್ರೌಂಡಿಗೆ ಎಳೆದು ಹಿಡಿದಷ್ಟು ಹೊತ್ತು ಪವರ್ ಸಪ್ಲೈ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ರಿಪೇರಿಯವರು ಪವರ್ ಸಪ್ಲೈ ಬಿಡಿಯಾಗಿ ಪರೀಕ್ಷೆ ಮಾಡುವಾಗ ಹಸಿರನ್ನೂ ಒಂದು ಕಪ್ಪು ತಂತಿಯನ್ನೂ ಪೇಪರ್ ಕ್ಲಿಪ್‌ನಿಂದ ಸೇರಿಸುವುದು ಇದಕ್ಕೇ. ಕ್ಲಿಪ್ ಹಾಕಿದರೆ ಫ್ಯಾನ್ ತಿರುಗುತ್ತದೆ, ತೆಗೆದರೆ ನಿಲ್ಲುತ್ತದೆ. ನಿಮ್ಮ ಕಂಪ್ಯೂಟರ್ ಶಟ್‌ಡೌನ್ ಆಗುವಾಗ ಕೊನೆಗೆ ನಡೆಯೋದೂ ಆ ಕ್ಲಿಪ್ ತೆಗೆಯುವ ಕೆಲಸವೇ.

ತಂತಿ ಇದ್ದರೆ ಸಾಲದು, ಈಗ ಬಿಡು ಅಂತ ಹೇಳಲು ಒಂದು ಭಾಷೆ ಬೇಕಲ್ಲ. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಎಪಿಎಂ ಅಂತ ಒಂದು ಮಾಡಿದ್ದವು, ಅದರಲ್ಲಿ ಯಜಮಾನಿಕೆ ಬಯೋಸ್‌ನದೇ (ಮದರ್‌ಬೋರ್ಡಿನಲ್ಲೇ ಕೂತಿರುವ, ಕಂಪ್ಯೂಟರನ್ನು ಶುರು ಮಾಡುವ ತಂತ್ರಾಂಶ). 1996ರ ಡಿಸೆಂಬರ್‌ನಲ್ಲಿ ತೋಷಿಬಾ ಕೂಡ ಸೇರಿ ಎಸಿಪಿಐ ಬಂತು. ಇದರಲ್ಲಿ ಬಯೋಸ್ ಬರೀ ಒಂದು ಪಟ್ಟಿ ಕೊಡುತ್ತದೆ, ಆಪರೇಟಿಂಗ್ ಸಿಸ್ಟಂ ಅದನ್ನು ಓದಿ, ಎಸ್5 ಅನ್ನೋ ಸ್ಥಿತಿಗೆ (ಅಂದರೆ ಆಫ್‌ಗೆ) ಯಾವ ಅಂಕಿ ಅಂತ ನೋಡಿಕೊಂಡು, ಮದರ್‌ಬೋರ್ಡಿನ ಚಿಪ್‌ಸೆಟ್‌ನಲ್ಲಿ ರಿಜಿಸ್ಟರ್ ಅನ್ನೋ ಪುಟ್ಟ ಜಾಗಕ್ಕೆ ಬರೆಯುತ್ತದೆ. ಹಸಿರು ತಂತಿ ಸಡಿಲ.

ಕಾಗದದ ಮೇಲೆ ಚೆನ್ನಾಗಿತ್ತು. ಆಮೇಲಿನ ಐದಾರು ವರ್ಷ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಎಟಿಎಕ್ಸ್ ಬೋರ್ಡಿನ ಮೇಲೆ ವಿಂಡೋಸ್ ಎನ್‌ಟಿ 4 ಹಾಕಿದರೆ ಅದು ಆಫ್ ಮಾಡಬಹುದು ಅಂತ ಹೇಳಿ, ರೀಸ್ಟಾರ್ಟ್ ಬಟನ್ ತೋರಿಸಿ ಸುಮ್ಮನೆ ಕೂರುತ್ತಿತ್ತು. ವಿಂಡೋಸ್ ಎಕ್ಸ್‌ಪಿಯ ಕಥೆ ಇನ್ನೂ ಕಿರಿಕಿರಿ. ಇನ್‌ಸ್ಟಾಲ್ ಮಾಡುವಾಗ ಬಯೋಸ್‌ನಲ್ಲಿ ಎಸಿಪಿಐ ಆಫ್ ಇದ್ದರೆ ಅದು ಯಂತ್ರವನ್ನು ಸ್ಟ್ಯಾಂಡರ್ಡ್ ಪಿಸಿ ಅಂತ ಬರೆದುಕೊಂಡುಬಿಡುತ್ತಿತ್ತು, ಆಮೇಲೆ ಬಯೋಸ್‌ನಲ್ಲಿ ಆನ್ ಮಾಡಿದರೂ ತಿರುಗಿ ನೋಡುತ್ತಿರಲಿಲ್ಲ. ಪವರ್ ಆಯ್ಕೆಗಳಲ್ಲಿ ಎಪಿಎಂ ಟ್ಯಾಬ್ ಕಂಡರೆ ಅಲ್ಲೊಂದು ಟಿಕ್ ಹಾಕಿ ಬಚಾವಾಗಬಹುದಿತ್ತು, ಇಲ್ಲದಿದ್ದರೆ ಮತ್ತೆ ಮೊದಲಿಂದ ಇನ್‌ಸ್ಟಾಲ್.

ಲಿನಕ್ಸಿನವರ ಪಾಡು ಬೇರೆ. ಎರಡು ಪ್ರೊಸೆಸರ್ ಇರುವ ಯಂತ್ರದಲ್ಲಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಎಪಿಎಂ ಅನ್ನು ಬಳಸುತ್ತಲೇ ಇರಲಿಲ್ಲ, ಆಫ್ ಮಾಡಲಿಕ್ಕಾದರೂ ಬಳಸು ಅಂತ ಬೂಟ್ ಸಾಲಿನಲ್ಲಿ ಬರೆದು ಹೇಳಬೇಕಿತ್ತು. ಬಯೋಸ್ ತುಂಬ ಹಳೆಯದಾದರೆ ಎಸಿಪಿಐ ಕೂಡ ಬೇಡ ಅನ್ನುತ್ತಿತ್ತು, ಅದಕ್ಕೆ ಒತ್ತಾಯದ ಆಯ್ಕೆ ಬೇರೆ. ಜೊತೆಗೆ ಹಾಲ್ಟ್ ಮತ್ತು ಪವರ್‌ಆಫ್ ಅಂತ ಎರಡು ಆಜ್ಞೆ. ಮೊದಲನೆಯದು ಕೆಲಸ ನಿಲ್ಲಿಸುತ್ತದೆ ಅಷ್ಟೇ, ಕರೆಂಟ್ ಕಡಿಯಬೇಕಿಲ್ಲ. ಹೆಸರಿಟ್ಟವರು ಪ್ರಾಮಾಣಿಕರು ಅನ್ನಿ.

ಈಗ ಬರುವ ದೂರು ತಲೆಕೆಳಗು. ಆಫ್ ಆಗಿದ್ದು ತಾನಾಗೇ ಆನ್ ಆಗುತ್ತದೆ! ಹೆಚ್ಚಾಗಿ ನೆಟ್‌ವರ್ಕ್ ಕಾರ್ಡೋ ಯುಎಸ್‌ಬಿ ಮೌಸೋ ಎಬ್ಬಿಸಿರುತ್ತದೆ, ಬಯೋಸ್‌ನಲ್ಲಿ ವೇಕ್ ಅಂತ ಇರುವ ಸಾಲುಗಳನ್ನು ಮೊದಲು ನೋಡಿ. ಡ್ರೈವರ್ (ಸಾಧನಗಳನ್ನು ನಡೆಸುವ ತಂತ್ರಾಂಶ) ಒಂದು ಶಟ್‌ಡೌನ್ ಹೊತ್ತಿನಲ್ಲೇ ಕ್ರ್ಯಾಶ್ ಆದರೂ ಹೀಗಾಗಬಹುದು, ಯಾಕೆಂದರೆ ಕ್ರ್ಯಾಶ್ ಆದರೆ ರೀಸ್ಟಾರ್ಟ್ ಆಗು ಅಂತ ವಿಂಡೋಸ್‌ಗೆ ಮೊದಲೇ ಹೇಳಿಟ್ಟಿರುತ್ತಾರೆ. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಬೇರೆ ಸೇರಿಕೊಂಡಿದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ಕರ್ನಲ್ ಪೂರ್ತಿ ಮುಚ್ಚುವುದೇ ಇಲ್ಲ, ಡಿಸ್ಕಿನಲ್ಲಿ ನಿದ್ದೆಗೆ ಹೋಗುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಕೊಡಬೇಕು.

ನೇರಳೆ ತಂತಿಯ 5 ವೋಲ್ಟ್ ಅಂತೂ ಇದ್ದೇ ಇರುತ್ತದೆ. ರ‍್ಯಾಮ್ ಬದಲಿಸಲು ಕ್ಯಾಬಿನೆಟ್ ಬಿಚ್ಚುವಾಗ ಹಿಂದಿರುವ ಸ್ವಿಚ್ಚನ್ನೂ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಬೋರ್ಡಿನ ಮೇಲೆ ಪುಟ್ಟ ದೀಪ ಇದ್ದರೆ ಅದು ಆರಲು ಕೆಲವು ಸೆಕೆಂಡ್ ಬೇಕು, ಅಲ್ಲಿವರೆಗೆ ಕೈ ಹಾಕಬೇಡಿ.