ಕ್ಯಾರಿಯರ್ ಮೇಲಿನ ಪೈಪ್ ಟ್ಯಾಂಕ್: ಗಾಳಿಯ ಲೆಕ್ಕ

ಜೀಪಿನ ಕ್ಯಾರಿಯರ್ ಮೇಲೆ ಪಿವಿಸಿ ಪೈಪ್ ಕಟ್ಟಿ, ಅದನ್ನೇ ನೀರಿನ ಟ್ಯಾಂಕ್ ಮಾಡಿಕೊಳ್ಳಬಹುದು. ಕೈಕಾಲು, ಪಾತ್ರೆ ತೊಳೆಯಲು ಸಾಕು. ಕುಡಿಯುವ ನೀರು ಬೇರೆ ಕ್ಯಾನಿನಲ್ಲಿರಲಿ.

110 ಎಂಎಂ ಪೈಪ್ ಐದು ಅಡಿ ಇದ್ದರೆ ಸುಮಾರು 12 ಲೀಟರ್ ಹಿಡಿಯುತ್ತದೆ. ನೀರಿನ ತೂಕವೇ 12 ಕೆಜಿ ಆಯಿತು. ಮನೆಯ ಡ್ರೈನೇಜಿಗೆ ಹಾಕುವ ಪೈಪ್ ಬೇಡ, ಅದು ಒತ್ತಡಕ್ಕೆ ಮಾಡಿದ್ದಲ್ಲ. ನಮ್ಮ ಕೋಲಾರದ ಕಡೆ ಬೋರ್‌ವೆಲ್‌ನಿಂದ ತೋಟಕ್ಕೆ ಎಳೆಯುತ್ತಾರಲ್ಲ, ಆ 6 ಕೆಜಿ ಪೈಪ್ ಕೇಳಿ (ಇದು ತಡೆಯುವ ಒತ್ತಡದ ಅಳತೆ, ತೂಕವಲ್ಲ). ಒಂದು ತುದಿಗೆ ಎಂಡ್ ಕ್ಯಾಪ್, ಬಾಲ್ ವಾಲ್ವ್. ಇನ್ನೊಂದಕ್ಕೆ ತಿರುಪಿನ ಮುಚ್ಚಳ. ಮೇಲ್ಗಡೆ ಟ್ಯೂಬ್‌ಲೆಸ್ ಟೈರಿನ ವಾಲ್ವ್.

ಈಗ ಗಾಳಿ. ನನ್ನ ತಲೆಗೆ ಸುಲಭವಾಗಿ ಹತ್ತದ್ದು ಇದೇ, ಹಾಗಾಗಿ ಬಿಡಿಸಿ ಬರೆಯುತ್ತೇನೆ. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಬರೀ 1.4 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ). ಪೈಪ್ ಎಷ್ಟೇ ಉದ್ದವಿದ್ದರೂ ಅಷ್ಟೇ, ಎತ್ತರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಜೋರಾಗಿ ಬರಬೇಕಾದರೆ ಪಂಪ್ ಹೊಡೆಯಬೇಕು. ಆದರೆ ಪೈಪ್ ತುಂಬಾ ನೀರು ತುಂಬಿ ಪಂಪ್ ಹೊಡೆದರೆ ನೀರು ಒಂದೆರಡು ಚಿಮ್ಮಿಗೇ ಸೋತುಹೋಗುತ್ತದೆ. ಯಾಕೆ?

ಪಂಪಿನ ಒತ್ತಡದ ಮೀಟರ್ ಸೊನ್ನೆ ತೋರಿಸುವಾಗಲೂ ಪೈಪಿನೊಳಗೆ ಹೊರಗಿನಷ್ಟೇ ಗಾಳಿಯ ಒತ್ತಡ, ಅಂದರೆ ಹತ್ತಿರ ಹತ್ತಿರ 15 ಪಿಎಸ್‌ಐ, ಇದ್ದೇ ಇರುತ್ತದೆ. ಮೀಟರಿನಲ್ಲಿ 15 ಬಂದರೆ ನಿಜವಾದ ಒತ್ತಡ 30. ನೀರು ಹೊರಹೋಗಿ ಗಾಳಿಯ ಜಾಗ ಎರಡರಷ್ಟಾದರೆ ಒತ್ತಡ ಅರ್ಧ. 30 ಹೋಗಿ 15 ಆಗುತ್ತದೆ. ಮೀಟರಿನಲ್ಲಿ ಅದೇ ಸೊನ್ನೆ! 10 ಲೀಟರ್ ನೀರು, 2 ಲೀಟರ್ ಗಾಳಿ ಇದ್ದರೆ ಜೋರಾಗಿ ಬರೋದು 2 ಲೀಟರ್ ಮಾತ್ರ. 8ಕ್ಕೆ 4 ಇದ್ದರೆ 4 ಲೀಟರ್. ಅರ್ಧಕ್ಕರ್ಧ ತುಂಬಿದರೆ ಆರಕ್ಕೆ ಆರೂ ಬರುತ್ತದೆ. ನೀರು ಕಡಿಮೆ ತುಂಬಿದರೆ ಚಿಮ್ಮೋದು ಜಾಸ್ತಿ, ಚೆನ್ನಾಗಿದೆ ಅಲ್ವಾ? ಉಳಿದ ನೀರಿಗೆ ಮುಚ್ಚಳ ಸಡಿಲಿಸಿ. ಗಾಳಿ ಒಳಗೆ ಹೋದರೆ ಅದು ತಾನಾಗಿ ಇಳಿಯುತ್ತದೆ.

ಮೀಟರಿನಲ್ಲಿ 15 ದಾಟಿಸಬೇಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಲೇಬೇಡಿ, ಮೀಟರ್ ಇರುವ ಕಾಲು ಪಂಪ್ ಸಾಕು. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಸಿಡಿಯುತ್ತವೆ. ಕಪ್ಪು ಬಣ್ಣ ಬಳಿದರೆ ಬಿಸಿಲಿಗೆ ನೀರು ಬಿಸಿಯಾಗುತ್ತದೆ, ಆದರೆ ಪೈಪಿನ ಬಲವೂ ಕುಗ್ಗುತ್ತದೆ. ಆದ್ದರಿಂದ ಗಾಡಿ ನಿಲ್ಲಿಸಿ, ನೀರು ಬೇಕಾದಾಗಷ್ಟೇ ಪಂಪ್ ಹೊಡೆಯಿರಿ. ಮುಚ್ಚಳ ಮುಟ್ಟುವ ಮೊದಲು ವಾಲ್ವ್ ಪಿನ್ ಒತ್ತಿ ಗಾಳಿ ಪೂರ್ತಿ ಬಿಡಿ.