ಎರಡು ದ್ವೀಪ, ಎರಡು ನೀಲಿ ಚಾಫಿಂಚ್

ಹಕ್ಕಿಗಳ ವರ್ಗೀಕರಣ ನನ್ನ ಕೆಲಸ ಅಂದ ಕೂಡಲೇ ಜನ ಒಂದು ಪ್ರಶ್ನೆ ಕೇಳುತ್ತಾರೆ. ಒಂದಿದ್ದ ಪ್ರಭೇದವನ್ನು ಎರಡು ಮಾಡಿದರೆ ಹಕ್ಕಿಗೇನು ಲಾಭ? ಕೆನರಿ ದ್ವೀಪಗಳ ನೀಲಿ ಚಾಫಿಂಚ್ ಎಂಬ ಪುಟ್ಟ ಹಾಡುಹಕ್ಕಿ ಇದಕ್ಕೆ ಒಳ್ಳೆಯ ಉತ್ತರ.

ಈ ದ್ವೀಪಗಳು ಮೊರಾಕ್ಕೋದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿವೆ, ಸ್ಪೇನ್‌ಗೆ ಸೇರಿವೆ. ನೀಲಿ ಚಾಫಿಂಚ್ ಇರುವುದು ಟೆನೆರಿಫೆ ಮತ್ತು ಗ್ರಾನ್ ಕೆನರಿಯಾದಲ್ಲಿ ಮಾತ್ರ. ಎರಡರ ನಡುವೆ ಸುಮಾರು 60 ಕಿ.ಮೀ. ಸಮುದ್ರ. ಗ್ರಾನ್ ಕೆನರಿಯಾದ ಹಕ್ಕಿಗೆ 1905ರಲ್ಲೇ ಪಕ್ಷಿತಜ್ಞ ಅರ್ನ್ಸ್ಟ್ ಹಾರ್ಟರ್ಟ್ 'ಪೊಲಾಟ್ಸೆಕಿ' ಎಂದು ಹೆಸರಿಟ್ಟಿದ್ದರು. ಆದರೂ ಬಹುಕಾಲ ಅದನ್ನು ಟೆನೆರಿಫೆ ಹಕ್ಕಿಯ ಉಪಪ್ರಭೇದವೆಂದೇ ಲೆಕ್ಕ ಹಾಕುತ್ತಿದ್ದರು.

ಎರಡೂ ಕಡೆಯ ಗಂಡುಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಟೆನೆರಿಫೆಯದು ಗಾಢವಾದ ಸ್ಲೇಟು ನೀಲಿ. ಗ್ರಾನ್ ಕೆನರಿಯಾದ್ದು ಗಾತ್ರದಲ್ಲಿ ಸಣ್ಣದು, ಮೈಯಲ್ಲಿ ಬೂದು ಬಣ್ಣವೇ ಜಾಸ್ತಿ. ರೆಕ್ಕೆಯ ಮೇಲಿನ ಎರಡು ಬಿಳಿ ಪಟ್ಟೆಗಳೂ ಅದರಲ್ಲಿ ಎದ್ದು ಕಾಣುತ್ತವೆ.

ಆದರೆ ಬಣ್ಣ ನೋಡಿ ಪ್ರಭೇದ ಒಡೆಯಲಾಗದು. ಒಂದೇ ಕಾಡಿನಲ್ಲಿ ಎರಡು ಬಗೆಯ ಹಕ್ಕಿಗಳಿದ್ದರೆ ಅವು ಜೋಡಿಯಾಗುತ್ತವಾ ಇಲ್ಲವಾ ಎಂದು ಗಮನಿಸಬಹುದು. ದ್ವೀಪದ ಹಕ್ಕಿಗಳು ಭೇಟಿಯೇ ಆಗುವುದಿಲ್ಲ ಅಲ್ವಾ? ಹಾಗಾಗಿ ಬೇರೆ ಬೇರೆ ಸಾಕ್ಷಿಗಳನ್ನು ಕೂಡಿಸಬೇಕಾಗುತ್ತದೆ. 2016ರಲ್ಲಿ ಎರಡು ತಂಡಗಳ ಅಧ್ಯಯನಗಳು ಪ್ರಕಟವಾದವು. ಪುಕ್ಕ, ಹಾಡು, ಡಿಎನ್ಎ, ಕೊನೆಗೆ ವೀರ್ಯಾಣುವಿನ ಉದ್ದವನ್ನೂ ಪರೀಕ್ಷಿಸಿದ್ದರು. ಎಲ್ಲವೂ ಒಂದೇ ಮಾತು ಹೇಳಿದವು: ಇವು ಎರಡು ಪ್ರಭೇದಗಳು. ಒಂದೇ ಸಾಕ್ಷಿಯ ಮೇಲೆ ಪ್ರಭೇದ ಒಡೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ನನಗೆ ಅನುಮಾನ ಉಳಿದಿಲ್ಲ.

ಇನ್ನು ಈ ಹಕ್ಕಿಗಳ ಮನೆ. ಎರಡಕ್ಕೂ ಕೆನರಿ ಪೈನ್ ಕಾಡೇ ಗತಿ. ಗೊಂಚಲಿಗೆ ಮೂರರಂತೆ ಉದ್ದನೆಯ ಸೂಜಿ ಎಲೆಗಳಿರುವ ಮರ ಇದು. ವಾಣಿಜ್ಯ ಮಾರುತ ತರುವ ಮಂಜು ಆ ಎಲೆಗಳಿಗೆ ತಾಗಿ ಹನಿಯಾಗಿ ನೆಲಕ್ಕೆ ಇಳಿಯುತ್ತದೆ. ಹಕ್ಕಿಯ ಮುಖ್ಯ ಆಹಾರ ಪೈನ್ ಬೀಜ. ಗಟ್ಟಿ ಕೊಕ್ಕು ಇರುವುದು ಅದಕ್ಕೇ. ಮರಿಗಳಿಗೆ ಮಾತ್ರ ಹುಳುಹುಪ್ಪಟೆ ಬೇಕು. ಅವು ಸಿಗಬೇಕಾದರೆ ಮರಗಳ ಕೆಳಗೆ ಪೊದೆಗಳಿರಬೇಕು. ಸಾಲಾಗಿ ಪೈನ್ ನೆಟ್ಟು, ಕೆಳಗೆ ಬೋಳಾಗಿ ಬಿಟ್ಟರೆ ಅದು ಈ ಹಕ್ಕಿಗೆ ಒಳ್ಳೆಯ ಕಾಡಲ್ಲ.

ಗ್ರಾನ್ ಕೆನರಿಯಾದಲ್ಲಿ ಪೈನ್ ಕಾಡನ್ನು ಹಿಂದೆ ವಿಪರೀತವಾಗಿ ಕಡಿದರು. ಹಕ್ಕಿಗೆ ಉಳಿದ ಮುಖ್ಯ ನೆಲೆ ಇನಾಗುವಾ ಎಂಬ ಕಾಡು. 2007ರ ಜುಲೈನಲ್ಲಿ ಅಲ್ಲಿಗೆ ದೊಡ್ಡ ಬೆಂಕಿ ಬಿತ್ತು. ಕೆನರಿ ಪೈನ್ ಸುಟ್ಟರೂ ಕಾಂಡದಿಂದ ಮತ್ತೆ ಚಿಗುರುತ್ತದೆ. ಕಾಡು ಹಸಿರಾಯಿತು, ಹಕ್ಕಿಯ ಸಂಖ್ಯೆ ಮಾತ್ರ ಕುಸಿಯಿತು. ಸಂರಕ್ಷಣಾ ಕೇಂದ್ರದಲ್ಲಿ ಬೆಳೆಸಿದ ಹಕ್ಕಿಗಳನ್ನು ಲಾ ಕುಂಬ್ರೆಯ ಎತ್ತರದ ಕಾಡಿಗೆ ಬಿಟ್ಟು ಎರಡನೇ ನೆಲೆ ಕಟ್ಟಲು ಶುರು ಮಾಡಿದ್ದು ಇದಾದ ಮೇಲೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ. ಒಂದೇ ಪ್ರಭೇದವೆಂದು ಎಣಿಸಿದಾಗ ಟೆನೆರಿಫೆಯ ಸಾವಿರಾರು ಹಕ್ಕಿಗಳ ಲೆಕ್ಕದಲ್ಲಿ ಪಕ್ಕದ ದ್ವೀಪದ ಕೆಲವೇ ನೂರು ಹಕ್ಕಿಗಳು ಕಳೆದುಹೋಗುತ್ತಿದ್ದವು. ಬೇರೆಯಾಗಿ ಎಣಿಸಿದ ಮೇಲೆ ಪೊಲಾಟ್ಸೆಕಿ ಯುರೋಪಿನ ಅತಿ ವಿರಳ ಹಾಡುಹಕ್ಕಿ ಎನಿಸಿತು, ಅಳಿವಿನಂಚಿನ ಪಟ್ಟಿಯಲ್ಲಿ ಅದಕ್ಕೆ ತನ್ನದೇ ಜಾಗ ಸಿಕ್ಕಿತು. ಇನ್ನು ಆಗಬೇಕಾದ ಕೆಲಸ ಕಾಡಿನದ್ದು. ಇನಾಗುವಾ ಮತ್ತು ಲಾ ಕುಂಬ್ರೆ ನಡುವಿನ ಬೋಳು ಇಳಿಜಾರುಗಳಲ್ಲಿ ಪೈನ್ ಜೊತೆಗೆ ಪೊದೆಗಳೂ ಬೆಳೆಯಬೇಕು. ಆಗ ಒಂದು ಕಡೆ ಬೆಂಕಿ ಬಿದ್ದರೆ ಹಕ್ಕಿಗಳು ಇನ್ನೊಂದು ಕಡೆಗೆ ಹೋಗಿ ಸೇರಿಕೊಳ್ಳಬಹುದು.